ಇಂಟರ್ನೆಟ್ ಫೋನ್ ಬಂದ ಮೇಲೆ ಕಚೇರಿಯ ನೆಟ್‌ವರ್ಕ್ ನಿಧಾನವಾಗಿದೆ: ಏನು ಮಾಡಬೇಕು?

ಪ್ರಶ್ನೆ: ನಮ್ಮ ಕಚೇರಿಯಲ್ಲಿ 24 ಜನ ಕೆಲಸ ಮಾಡುತ್ತೇವೆ. ಕೆಲವು ತಿಂಗಳ ಹಿಂದೆ ಹಳೆಯ ಇಪಿಎಬಿಎಕ್ಸ್ (ಕಚೇರಿಯೊಳಗಿನ ಟೆಲಿಫೋನ್ ಎಕ್ಸ್‌ಚೇಂಜ್) ತೆಗೆಸಿ ಎಲ್ಲ ಮೇಜುಗಳಿಗೂ ಇಂಟರ್ನೆಟ್ ಫೋನ್ ಹಾಕಿಸಿದೆವು. ಮೇಜಿಗೊಂದೇ ನೆಟ್‌ವರ್ಕ್ ಕೇಬಲ್ ಇರುವುದರಿಂದ ಅದು ಗೋಡೆಯಿಂದ ಫೋನಿಗೆ ಬಂದು, ಫೋನಿನಿಂದ ಕಂಪ್ಯೂಟರಿಗೆ ಹೋಗುತ್ತದೆ. ಅಂದಿನಿಂದ ಸರ್ವರ್‌ನಲ್ಲಿರುವ ದೊಡ್ಡ ಫೈಲುಗಳು ತೆರೆಯಲು ಬಹಳ ಹೊತ್ತು ಹಿಡಿಯುತ್ತಿವೆ. ಎರಡು ಮೇಜುಗಳಲ್ಲಂತೂ ಕೆಲಸವೇ ಸಾಗುವುದಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ಕರೆಗಳಲ್ಲಿ ನಮ್ಮ ಮಾತು ಎದುರಿನವರಿಗೆ ತುಂಡುತುಂಡಾಗಿ ಕೇಳಿಸುತ್ತದೆಯಂತೆ, ಅವರ ಮಾತು ಮಾತ್ರ ನಮಗೆ ಸ್ಪಷ್ಟವಾಗಿರುತ್ತದೆ. ಮೇಜುಗಳನ್ನು ಸ್ಥಳ ಬದಲಿಸಿದ ದಿನ ಇಡೀ ಕಚೇರಿಯ ನೆಟ್‌ವರ್ಕ್ ಸ್ವಲ್ಪ ಹೊತ್ತು ನಿಂತೇ ಹೋಗಿತ್ತು. ನಮ್ಮ ಇಂಟರ್ನೆಟ್ ಪ್ಲಾನ್ ಡೌನ್‌ಲೋಡ್ 300, ಅಪ್‌ಲೋಡ್ 20 ಎಂಬಿಪಿಎಸ್. ಮೇಜಿನ ಕಂಪ್ಯೂಟರುಗಳಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ ಡೌನ್‌ಲೋಡ್ 94ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಇಂಟರ್ನೆಟ್ ಕಂಪನಿಯವರು ಲೈನ್ ಸರಿಯಾಗಿದೆ ಎನ್ನುತ್ತಾರೆ, ಫೋನ್ ಹಾಕಿದವರು ಇನ್ನೂ ವೇಗದ ಪ್ಲಾನ್ ತೆಗೆದುಕೊಳ್ಳಿ ಎನ್ನುತ್ತಾರೆ, ಮತ್ತೊಬ್ಬ ತಂತ್ರಜ್ಞರು ಕೇಬಲ್ ಎಲ್ಲ ಬದಲಿಸಬೇಕು ಎಂದರು. ಈ ಫೋನುಗಳೇ ನೆಟ್‌ವರ್ಕನ್ನು ತಿಂದುಹಾಕುತ್ತಿವೆಯೇ? ಯಾರ ಮಾತು ಕೇಳಬೇಕು?

ಉತ್ತರ: ನೀವು ಕೇಳಿರುವ ಪ್ರಶ್ನೆ ಒಂದೇ ಆದರೂ ಪತ್ರದಲ್ಲಿ ನಾಲ್ಕು ತೊಂದರೆಗಳಿವೆ. ಫೈಲುಗಳು ನಿಧಾನವಾಗಿ ತೆರೆಯುವುದು, ಎರಡು ಮೇಜುಗಳಲ್ಲಿ ಮಾತ್ರ ಅದು ವಿಪರೀತವಾಗಿರುವುದು, ಸಂಜೆಯ ಕರೆಗಳಲ್ಲಿ ಮಾತು ತುಂಡಾಗುವುದು, ಮೇಜು ಸರಿಸಿದ ದಿನ ಎಲ್ಲವೂ ನಿಂತುಹೋದದ್ದು, ಇವೆಲ್ಲ ಫೋನು ಬಂದ ಮೇಲೆಯೇ ಕಾಣಿಸಿಕೊಂಡವಾದ್ದರಿಂದ ಒಂದೇ ಕಾಯಿಲೆಯ ಲಕ್ಷಣಗಳೆಂದು ನಿಮಗೂ ನಿಮಗೆ ಸಲಹೆ ಕೊಟ್ಟವರಿಗೂ ಅನ್ನಿಸಿರುವುದು ಸಹಜ. ಕಚೇರಿಗಳು ಅನಾವಶ್ಯಕವಾಗಿ ಹಣ ಸುರಿಯುವುದನ್ನು ನಾನು ಕಂಡಿರುವುದು ಹೆಚ್ಚಾಗಿ ಈ ಹಂತದಲ್ಲಿಯೇ, ಅಂದರೆ ಕಾರಣಗಳನ್ನು ಬೇರ್ಪಡಿಸುವ ಮೊದಲೇ ಎಲ್ಲಕ್ಕೂ ಒಂದೇ ಮದ್ದು ಕೊಂಡುಬಿಡುವಲ್ಲಿ. ನೀವು ಕೊಟ್ಟಿರುವ ವಿವರಗಳ ಪ್ರಕಾರ ಈ ನಾಲ್ಕೂ ಬೇರೆ ಬೇರೆ ಜಾಗಗಳಲ್ಲಿ ಹುಟ್ಟುತ್ತಿರುವ ಸಂಭವ ಹೆಚ್ಚು. ವೇಗದ ಪ್ಲಾನ್ ಅವುಗಳಲ್ಲಿ ಮೂರನ್ನು ಮುಟ್ಟುವುದೂ ಇಲ್ಲ, ನಾಲ್ಕನೆಯದಕ್ಕೂ ಅದು ಮೊದಲು ಮಾಡಬೇಕಾದ ಕೆಲಸವಲ್ಲ.

ಫೋನುಗಳು ನೆಟ್‌ವರ್ಕನ್ನು ತಿಂದುಹಾಕುತ್ತಿವೆ ಎಂಬ ಅನುಮಾನವನ್ನು ಮೊದಲು ಲೆಕ್ಕ ಹಾಕಿ ನೋಡೋಣ. ಇಂಟರ್ನೆಟ್ ಫೋನುಗಳಲ್ಲಿ ಬಹಳ ಬಳಕೆಯಲ್ಲಿರುವ ಜಿ.711 ಎಂಬ ಕೋಡೆಕ್ (ಧ್ವನಿಯನ್ನು ಅಂಕಿಗಳಾಗಿಸುವ ವಿಧಾನ) ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಂದರಂತೆ ಸೆಕೆಂಡಿಗೆ 50 ಪ್ಯಾಕೆಟ್ (ಮಾಹಿತಿಯ ಪುಟ್ಟ ಕಟ್ಟು) ಕಳುಹಿಸುತ್ತದೆ. ಪ್ರತಿ ಪ್ಯಾಕೆಟ್ಟಿನಲ್ಲಿ 160 ಬೈಟ್ ಧ್ವನಿ, ಅದರ ಮೇಲೆ ವಿಳಾಸ ಮತ್ತಿತರ ತಲೆಬರಹಗಳು 40 ಬೈಟ್. ಕೇಬಲ್ಲಿನ ಜಾಲವಾದ ಈಥರ್ನೆಟ್ ಪ್ರತಿ ಪ್ಯಾಕೆಟ್ಟಿಗೆ ಹಾಕುವ ಚೌಕಟ್ಟನ್ನೂ (ಫ್ರೇಮ್) ಸೇರಿಸಿದರೆ ಒಂದು ಕರೆಗೆ ಒಂದು ದಿಕ್ಕಿನಲ್ಲಿ ಸುಮಾರು 87 ಕೆಬಿಪಿಎಸ್ ಆಗುತ್ತದೆ. ನಿಮ್ಮ 24 ಜನರೂ ಒಮ್ಮೆಗೇ ಹೊರಗಿನವರೊಂದಿಗೆ ಮಾತನಾಡಿದರೂ ಒಟ್ಟು 2 ಎಂಬಿಪಿಎಸ್ ಚಿಲ್ಲರೆ. ಇದು ಗಿಗಾಬಿಟ್ (1000 ಎಂಬಿಪಿಎಸ್) ನೆಟ್‌ವರ್ಕಿನಲ್ಲಿ ಲೆಕ್ಕಕ್ಕೇ ಬಾರದ ಮೊತ್ತ, ನಿಮ್ಮ 20 ಎಂಬಿಪಿಎಸ್ ಅಪ್‌ಲೋಡಿನಲ್ಲಿಯೂ ಹತ್ತನೆಯ ಒಂದು ಪಾಲು. ಕರೆ ಇಲ್ಲದಾಗ ಫೋನು ಆಗಾಗ ಫೋನ್ ಸೇವೆಯ ಸರ್ವರಿಗೆ ತಾನಿರುವುದನ್ನು ತಿಳಿಸುವುದು ಬಿಟ್ಟರೆ ಹೆಚ್ಚುಕಡಿಮೆ ಏನನ್ನೂ ಕಳುಹಿಸುವುದಿಲ್ಲ. ಆದ್ದರಿಂದ ಧ್ವನಿಯ ಭಾರದಿಂದ ನಿಮ್ಮ ಫೈಲುಗಳು ನಿಧಾನವಾಗುತ್ತಿಲ್ಲ. ಆದರೆ ಫೋನ್ ಎಂಬ ಉಪಕರಣ ಇದರಲ್ಲಿ ನಿರ್ದೋಷಿ ಎಂದೂ ನಾನು ಹೇಳಲಾರೆ, ಅದಕ್ಕೆ ಸಾಕ್ಷಿ ನಿಮ್ಮ ಪತ್ರದಲ್ಲಿಯೇ ಇದೆ.

ಆ ಸಾಕ್ಷಿ 94 ಎಂಬ ಅಂಕಿ. 300 ಎಂಬಿಪಿಎಸ್ ಬರುವ ಲೈನಿನಲ್ಲಿ ಪರೀಕ್ಷೆಯ ಫಲ 180ಕ್ಕೋ 240ಕ್ಕೋ ನಿಂತಿದ್ದರೆ ಹತ್ತಾರು ಕಾರಣಗಳನ್ನು ಹುಡುಕಬೇಕಾಗುತ್ತಿತ್ತು. ಮೇಜು ಮೇಜಿನಲ್ಲೂ 94ಕ್ಕೆ ನಿಲ್ಲುತ್ತಿದೆ ಎಂದರೆ ದಾರಿಯಲ್ಲಿ ಎಲ್ಲಿಯೋ 100 ಎಂಬಿಪಿಎಸ್‌ನ ಕೊಂಡಿಯೊಂದಿದೆ ಎಂದೇ ಅರ್ಥ. ಈಥರ್ನೆಟ್ಟಿನಲ್ಲಿ ಪೂರ್ಣ ಗಾತ್ರದ ಒಂದು ಚೌಕಟ್ಟು ತಂತಿಯ ಮೇಲೆ 1538 ಬೈಟಿನಷ್ಟು ಜಾಗ ಹಿಡಿಯುತ್ತದೆ, ಅದರಲ್ಲಿ ನಿಜವಾದ ಮಾಹಿತಿ 1448ರಿಂದ 1460 ಬೈಟ್. ಆ ಅನುಪಾತದಲ್ಲಿ 100ಕ್ಕೆ 94 ಅಥವಾ 95 ದಕ್ಕುತ್ತದೆ, ಅದಕ್ಕಿಂತ ಹೆಚ್ಚು ದಕ್ಕುವುದಿಲ್ಲ. ಮೇಜಿನ ಫೋನಿನ ಹಿಂಬದಿಯಲ್ಲಿರುವ ಎರಡು ಪೋರ್ಟುಗಳ ನಡುವೆ ಒಂದು ಪುಟ್ಟ ಸ್ವಿಚ್, ಅಂದರೆ ಬಂದ ಮಾಹಿತಿಯನ್ನು ಸೇರಬೇಕಾದ ಕಡೆಗೆ ಹಂಚುವ ಸಾಧನ, ಅಡಗಿದೆ. ಒಂದು ಪೋರ್ಟು ಗೋಡೆಯ ಕಡೆಗೆ, ಇನ್ನೊಂದು ಕಂಪ್ಯೂಟರಿನ ಕಡೆಗೆ, ಮೂರನೆಯದು ಒಳಗೆ ಫೋನಿಗೇ. ಕಡಿಮೆ ಬೆಲೆಯ ಅನೇಕ ಮಾದರಿಗಳಲ್ಲಿ ಈ ಸ್ವಿಚ್ 10/100 ಮಾತ್ರ, ಅಂದರೆ 100 ಎಂಬಿಪಿಎಸ್ ಮೀರುವುದಿಲ್ಲ. ಫೋನಿಗೆ ಅದು ಧಾರಾಳವಾಗಿ ಸಾಕು, ಆದರೆ ಅದರ ಬೆನ್ನಿಗೆ ಕಟ್ಟಿದ ಗಿಗಾಬಿಟ್ ಕಂಪ್ಯೂಟರೂ ಆ ವೇಗಕ್ಕೆ ಇಳಿದುಬಿಡುತ್ತದೆ. 1 ಜಿಬಿಯ ಫೈಲು ಗಿಗಾಬಿಟ್ ಕೊಂಡಿಯಲ್ಲಿ, ಸರ್ವರಿನ ಡಿಸ್ಕ್ ಅಷ್ಟು ವೇಗವಾಗಿ ಕೊಡಬಲ್ಲುದಾದರೆ, ಹತ್ತು ಸೆಕೆಂಡಿನೊಳಗೆ ಬರುತ್ತದೆ. 100 ಎಂಬಿಪಿಎಸ್ ಕೊಂಡಿಯಲ್ಲಿ ಅದಕ್ಕೆ ಸುಮಾರು ಒಂದೂವರೆ ನಿಮಿಷ ಬೇಕು. ನಿಮ್ಮವರು ಅನುಭವಿಸುತ್ತಿರುವ ವ್ಯತ್ಯಾಸ ಇದೇ ಇರಬೇಕು. ಸರ್ವರ್ ಕಚೇರಿಯೊಳಗೇ ಇರುವುದರಿಂದ ಇಂಟರ್ನೆಟ್ ಪ್ಲಾನಿಗೂ ಇದಕ್ಕೂ ಸಂಬಂಧವೇ ಇಲ್ಲ.

ಇದನ್ನು ಖಚಿತಪಡಿಸಿಕೊಳ್ಳಲು ಯಾರನ್ನೂ ಕರೆಸಬೇಕಾಗಿಲ್ಲ. ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಲಿಂಕ್ ಸ್ಪೀಡ್ ಎಷ್ಟಿದೆಯೆಂದು ನೋಡಿ ಬರೆದಿಟ್ಟುಕೊಳ್ಳಿ. ಬಳಿಕ ಫೋನನ್ನು ಬದಿಗಿಟ್ಟು ಗೋಡೆಯ ಕೇಬಲನ್ನು ನೇರವಾಗಿ ಕಂಪ್ಯೂಟರಿಗೆ ಹಾಕಿ ಅದೇ ಫೈಲನ್ನು ಮತ್ತೆ ನಕಲು ಮಾಡಿ. 100 ಇದ್ದದ್ದು 1000 ಆಗಿ, ಹಿಡಿಯುವ ಹೊತ್ತೂ ಇಳಿದರೆ ಕಾರಣ ಫೋನಿನೊಳಗಿನ ಸ್ವಿಚ್ಚೇ. ಹಾಗೆ ಹಾಕಿದ ಮೇಲೂ 100ರಲ್ಲೇ ನಿಂತರೆ ಕೇಬಲ್ಲಿನಲ್ಲೋ ಕಚೇರಿಯ ಮುಖ್ಯ ಸ್ವಿಚ್ಚಿನಲ್ಲೋ ಮಿತಿಯಿದೆ. ಕೇಬಲ್ಲಿನಲ್ಲೇ ಫೋನಿಗೆ ವಿದ್ಯುತ್ ಕಳುಹಿಸುವ ವ್ಯವಸ್ಥೆ ನಿಮ್ಮಲ್ಲಿದ್ದರೆ ಕಂಪ್ಯೂಟರ್ ಸುಟ್ಟುಹೋದೀತೆಂದು ಹೆದರಬೇಕಿಲ್ಲ. 2003ರ 802.3ಎಎಫ್ ಮತ್ತು ಅದರ ನಂತರದ ಮಾನದಂಡಗಳನ್ನು ಪಾಲಿಸುವ ಸ್ವಿಚ್ಚುಗಳು ಎದುರಿನ ಉಪಕರಣ ವಿದ್ಯುತ್ ಬೇಡುವಂಥದ್ದೇ ಎಂದು ಪರೀಕ್ಷಿಸಿಯೇ ವಿದ್ಯುತ್ ಹರಿಸುತ್ತವೆ. ಆದರೆ ಆ ಪರೀಕ್ಷೆಯಿಲ್ಲದೆ ಸದಾ ವಿದ್ಯುತ್ ಹರಿಸುವ ಅಡಾಪ್ಟರುಗಳೂ ಮಾರುಕಟ್ಟೆಯಲ್ಲಿವೆ. ಅಂಥದ್ದು ನಿಮ್ಮಲ್ಲಿದ್ದರೆ ಈ ಪ್ರಯೋಗಕ್ಕೆ ಮೊದಲು ಅದನ್ನು ತೆಗೆಯಲೇಬೇಕು.

ಕೇಬಲ್ ಎಲ್ಲ ಬದಲಿಸಬೇಕು ಎಂಬ ಸಲಹೆಯ ಬಗ್ಗೆ ಇಲ್ಲೇ ಒಂದು ಮಾತು. 100 ಎಂಬಿಪಿಎಸ್ ವೇಗಕ್ಕೆ ಕೇಬಲ್ಲಿನ ಎಂಟು ತಂತಿಗಳಲ್ಲಿ ನಾಲ್ಕು ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಹೀಗಾಗಿ ಉಳಿದ ನಾಲ್ಕರಲ್ಲಿ ಒಂದೇ ಒಂದು ತಂತಿ ತುಂಡಾದರೂ ಕೊಂಡಿ ಸಾಮಾನ್ಯವಾಗಿ 100ಕ್ಕೆ ಇಳಿದು, ಕೆಲಸ ಮಾಡುತ್ತಿರುವಂತೆಯೇ ಕಾಣುತ್ತಿರುತ್ತದೆ. ಮೇಲಿನ ಪ್ರಯೋಗದಲ್ಲಿ ಯಾವ ಮೇಜು 1000ಕ್ಕೆ ಏರುವುದಿಲ್ಲವೋ ಆ ಮೇಜಿನ ಕೇಬಲ್ಲನ್ನು ಮಾತ್ರ ಪರೀಕ್ಷಿಸಿ. ಕ್ಯಾಟ್ 5ಇ ಕೇಬಲ್ 100 ಮೀಟರಿನವರೆಗೆ ಗಿಗಾಬಿಟ್ ಒಯ್ಯಬಲ್ಲುದಾದ್ದರಿಂದ ಗೋಡೆಯೊಳಗಿನ ಕೇಬಲ್ ಹಳೆಯದು ಎನ್ನುವುದೊಂದೇ ಅದನ್ನು ಕಿತ್ತುಹಾಕಲು ಕಾರಣವಾಗಬಾರದು. ಮೇಜಿನ ಬಳಿ ಕುರ್ಚಿಯ ಗಾಲಿಯಡಿ ಸಿಕ್ಕಿ ಜಜ್ಜಿಹೋಗಿರುವ ಮೋಟು ಕೇಬಲ್ಲುಗಳೇ ಬಹಳ ಸಲ ಅಪರಾಧಿಗಳಾಗಿರುತ್ತವೆ, ಅವನ್ನು ಬದಲಿಸಲು ಹೆಚ್ಚು ಖರ್ಚಿಲ್ಲ.

ಇನ್ನು ಆ ಎರಡು ಮೇಜುಗಳು. ಅಲ್ಲಿ ಕೆಲಸವೇ ಸಾಗುವುದಿಲ್ಲ ಎಂದಿದ್ದೀರಿ. ವೇಗ 100ಕ್ಕೆ ಇಳಿದ ಮಾತ್ರಕ್ಕೆ ಆ ಸ್ಥಿತಿ ಬರುವುದಿಲ್ಲ, ಆದ್ದರಿಂದ ನನ್ನ ಮೊದಲ ಅನುಮಾನ ಡ್ಯೂಪ್ಲೆಕ್ಸ್ ಹೊಂದಾಣಿಕೆಯ ದೋಷದ ಮೇಲೆ. ಕೊಂಡಿಯ ಎರಡು ತುದಿಗಳು ತಮ್ಮಷ್ಟಕ್ಕೆ ಮಾತುಕತೆ ನಡೆಸಿ ವೇಗವನ್ನೂ, ಏಕಕಾಲಕ್ಕೆ ಎರಡೂ ಕಡೆಯಿಂದ ಕಳುಹಿಸಬಹುದೇ (ಇದೇ ಡ್ಯೂಪ್ಲೆಕ್ಸ್) ಎಂಬುದನ್ನೂ ತೀರ್ಮಾನಿಸಿಕೊಳ್ಳಬೇಕು. ಯಾರೋ ಒಂದು ತುದಿಯನ್ನು ‘100, ಫುಲ್ ಡ್ಯೂಪ್ಲೆಕ್ಸ್’ ಎಂದು ಕೈಯಿಂದ ಕಟ್ಟಿಹಾಕಿ ಇನ್ನೊಂದು ತುದಿಯನ್ನು ‘ಆಟೋ’ದಲ್ಲಿ ಬಿಟ್ಟಿದ್ದರೆ, ಆಟೋ ತುದಿಗೆ ವೇಗ ತಿಳಿಯುತ್ತದೆಯೇ ಹೊರತು ಡ್ಯೂಪ್ಲೆಕ್ಸ್ ತಿಳಿಯುವುದಿಲ್ಲ, ಮಾನದಂಡದ ಪ್ರಕಾರ ಅದು ಹಾಫ್ ಡ್ಯೂಪ್ಲೆಕ್ಸ್, ಅಂದರೆ ಒಮ್ಮೆಗೆ ಒಂದೇ ಕಡೆಯಿಂದ, ಎಂದೇ ಹಿಡಿಯುತ್ತದೆ. ಆಗ ಒಂದು ಕಡೆಯವರು ಸುಮ್ಮನೆ ಕಳುಹಿಸುತ್ತಲೇ ಇರುತ್ತಾರೆ, ಇನ್ನೊಂದು ಕಡೆಗೆ ಅದು ಡಿಕ್ಕಿಯಾಗಿ ಕಾಣುತ್ತದೆ. ಇದರ ಕೆಟ್ಟ ಗುಣವೆಂದರೆ ಪಿಂಗ್ ಮಾಡಿದರೆ (ಸಣ್ಣ ಪ್ಯಾಕೆಟ್ ಕಳುಹಿಸಿ ಉತ್ತರ ಬರುವ ಹೊತ್ತನ್ನು ಅಳೆದರೆ) ಎಲ್ಲವೂ ಸರಿಯಾಗಿ ಕಾಣುವುದು. ಒಂದೊಂದಾಗಿ ಹೋಗುವ ಸಣ್ಣ ಪ್ಯಾಕೆಟ್ಟುಗಳಿಗೆ ಡಿಕ್ಕಿ ಅಪರೂಪ, ದೊಡ್ಡ ಫೈಲು ಹೊರಟಾಗಲೇ ಕುಸಿತ. ಬಂದ ತಂತ್ರಜ್ಞರು ಪಿಂಗ್ ನೋಡಿ ‘ನೆಟ್‌ವರ್ಕ್ ಸರಿಯಾಗಿದೆ’ ಎಂದು ಹೋಗಿದ್ದರೆ ಅವರನ್ನು ನಾನು ದೂರುವುದಿಲ್ಲ, ಆದರೆ ಆ ಪರೀಕ್ಷೆ ಇಲ್ಲಿ ಸಾಲದು. ಮುಖ್ಯ ಸ್ವಿಚ್ ನಿರ್ವಹಣಾ ಪುಟವಿರುವ ಮಾದರಿಯಾಗಿದ್ದರೆ ಆ ಪೋರ್ಟುಗಳ ದೋಷ ಎಣಿಕೆಯಲ್ಲಿ ಸಿಆರ್‌ಸಿ ದೋಷ (ಕೆಟ್ಟುಬಂದ ಚೌಕಟ್ಟುಗಳ ಎಣಿಕೆ) ಅಥವಾ ಲೇಟ್ ಕೊಲಿಷನ್ (ತಡವಾಗಿ ಕಂಡ ಡಿಕ್ಕಿ) ಏರುತ್ತಿದೆಯೇ ನೋಡಿ. ಫೋನಿನ ಮೆನುವಿನಲ್ಲಿಯೂ ಎರಡೂ ಪೋರ್ಟುಗಳ ವೇಗದ ಆಯ್ಕೆ ಇರುವುದುಂಟು. ಸ್ವಿಚ್, ಫೋನ್, ಕಂಪ್ಯೂಟರ್ ಮೂರರಲ್ಲೂ ‘ಆಟೋ’ ಇಡುವುದೇ ಇದಕ್ಕೆ ಪರಿಹಾರ. ಆಟೋ ಇಟ್ಟ ಮೇಲೂ ಸಿಆರ್‌ಸಿ ದೋಷಗಳು ಏರುತ್ತಲೇ ಇದ್ದರೆ ಕೇಬಲ್ ಬದಲಿಸಿ.

ಮೇಜು ಸರಿಸಿದ ದಿನ ಎಲ್ಲವೂ ನಿಂತದ್ದು ನೆಟ್‌ವರ್ಕಿನಲ್ಲಿ ಉಂಟಾದ ಲೂಪ್ ಆಗಿರಬೇಕು. ಫೋನಿನ ಕಂಪ್ಯೂಟರ್ ಪೋರ್ಟಿನಿಂದ ಹೊರಬಂದು ನೇತಾಡುತ್ತಿರುವ ಕೇಬಲ್ಲನ್ನು ಸಹಾಯ ಮಾಡಲು ಬಂದ ಯಾರಾದರೂ ಗೋಡೆಯ ಖಾಲಿ ಸಾಕೆಟ್ಟಿಗೆ ಸಿಕ್ಕಿಸಿದರೆ ಮುಖ್ಯ ಸ್ವಿಚ್ಚಿನಿಂದ ಹೊರಟ ದಾರಿ ಫೋನಿನ ಮೂಲಕ ಹಾದು ಅದೇ ಸ್ವಿಚ್ಚಿಗೆ ಮರಳುತ್ತದೆ. ಈಥರ್ನೆಟ್ ಚೌಕಟ್ಟಿಗೆ ಇಷ್ಟು ಸುತ್ತಿದ ಮೇಲೆ ಸಾಯಬೇಕು ಎಂಬ ಮಿತಿಯಿಲ್ಲವಾದ್ದರಿಂದ ಎಲ್ಲರಿಗೂ ಹೋಗಬೇಕಾದ ಬ್ರಾಡ್‌ಕಾಸ್ಟ್ ಚೌಕಟ್ಟುಗಳು ಸುತ್ತುತ್ತ, ಹೆಚ್ಚುತ್ತ, ಕ್ಷಣಮಾತ್ರದಲ್ಲಿ ಇಡೀ ನೆಟ್‌ವರ್ಕನ್ನು ತುಂಬಿಬಿಡುತ್ತವೆ. ಯಾರೋ ಆ ಕೇಬಲ್ ಕಿತ್ತ ಕೂಡಲೇ ಎಲ್ಲವೂ ಸರಿಹೋಗುತ್ತದೆ, ಏನಾಯಿತೆಂದು ಯಾರಿಗೂ ತಿಳಿಯುವುದಿಲ್ಲ. ನಿರ್ವಹಿಸಬಲ್ಲ ಸ್ವಿಚ್ಚಾಗಿದ್ದರೆ ಇಂಥ ಸುತ್ತುದಾರಿಯನ್ನು ಗುರುತಿಸಿ ಮುಚ್ಚುವ ಸ್ಪ್ಯಾನಿಂಗ್ ಟ್ರೀ ಮತ್ತು ಲೂಪ್ ರಕ್ಷಣೆಯನ್ನು ಚಾಲೂ ಮಾಡಿಸಿ. ಬಳಸದ ಪೋರ್ಟುಗಳನ್ನು ನಿಷ್ಕ್ರಿಯಗೊಳಿಸಿ. ಸ್ವಿಚ್ಚಿನಲ್ಲಿ ಆ ಸೌಲಭ್ಯವೇ ಇಲ್ಲದಿದ್ದರೆ, 24 ಜನರ ಕಚೇರಿ ಅಂಥ ಸ್ವಿಚ್ಚಿನ ಮೇಲೆ ನಿಲ್ಲಬಾರದು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ನೀವು ಮಾಡುವ ಖರ್ಚುಗಳಲ್ಲಿ ಮೊದಲನೆಯದು ಅದೇ ಆಗಲಿ.

ಮಾತು ತುಂಡಾಗುವ ವಿಚಾರಕ್ಕೆ ಬರುತ್ತೇನೆ. ನಿಮ್ಮ ಮಾತು ಅವರಿಗೆ ತುಂಡಾಗುತ್ತದೆ, ಅವರ ಮಾತು ನಿಮಗೆ ಸ್ಪಷ್ಟ ಎಂದು ಬರೆದಿರುವುದು ಬಹಳ ಉಪಯುಕ್ತವಾದ ವಿವರ. ತೊಂದರೆ ಹೊರಹೋಗುವ ದಿಕ್ಕಿನಲ್ಲಿದೆ, ಅಂದರೆ ಬಹುಮಟ್ಟಿಗೆ ನಿಮ್ಮ 20 ಎಂಬಿಪಿಎಸ್ ಅಪ್‌ಲೋಡಿನಲ್ಲಿ. ಅದೂ ಒಂದು ನಿರ್ದಿಷ್ಟ ಹೊತ್ತಿನಲ್ಲಿ. ಆ ಹೊತ್ತಿಗೆ ಬ್ಯಾಕಪ್ ಶುರುವಾಗುತ್ತದೆಯೇ, ದಿನದ ಕೆಲಸವನ್ನು ಕ್ಲೌಡಿಗೆ ಏರಿಸುತ್ತಾರೆಯೇ, ಕ್ಯಾಮೆರಾ ದೃಶ್ಯಗಳು ಹೊರಗೆ ಹೋಗುತ್ತವೆಯೇ ಎಂದು ವಿಚಾರಿಸಿ. ದೊಡ್ಡ ಅಪ್‌ಲೋಡ್ ತನಗೆ ಸಿಕ್ಕಷ್ಟೂ ಜಾಗವನ್ನು ತುಂಬುತ್ತದೆ, ಮಿಕ್ಕಿದ್ದು ರೂಟರ್ ಅಥವಾ ಮೋಡೆಮ್‌ನ ಬಫರಿನಲ್ಲಿ (ಕಾಯುವ ಜಾಗದಲ್ಲಿ) ಸಾಲುಗಟ್ಟುತ್ತದೆ. ಆ ಬಫರಿನಲ್ಲಿ 1 ಎಂಬಿ ತುಂಬಿಕೊಂಡಿದ್ದರೆ 20 ಎಂಬಿಪಿಎಸ್ ವೇಗದಲ್ಲಿ ಅದು ಖಾಲಿಯಾಗಲು 0.4 ಸೆಕೆಂಡು, ಅಂದರೆ 400 ಮಿಲಿಸೆಕೆಂಡು ಬೇಕು. ಧ್ವನಿಯ ಪುಟ್ಟ ಪ್ಯಾಕೆಟ್ಟೂ ಆ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸಿನ ಪ್ರಕಾರ ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಸಂಭಾಷಣೆ ಸಹಜವಾಗಿರುತ್ತದೆ, 400 ದಾಟುವಂತೆ ಜಾಲವನ್ನು ಯೋಜಿಸಲೇಬಾರದು. ಫೈಲಿನ ಪ್ಯಾಕೆಟ್ ತಡವಾದರೆ ಕಾಯಬಹುದು, ಕಳೆದರೆ ಮತ್ತೆ ಕಳುಹಿಸಬಹುದು. ಧ್ವನಿಯ ಪ್ಯಾಕೆಟ್ ತನ್ನ ಸರದಿಗೆ ತಲುಪದಿದ್ದರೆ ಎದುರಿನ ಫೋನು ಅದನ್ನು ಎಸೆದುಬಿಡುತ್ತದೆ, ಕೇಳುವವರಿಗೆ ಅಕ್ಷರಗಳು ನುಂಗಿಹೋಗುತ್ತವೆ.

ಸ್ಪೀಡ್ ಟೆಸ್ಟಿನ ವೇಗದ ಅಂಕಿ ಇದನ್ನು ತೋರಿಸುವುದಿಲ್ಲ. ಅದು ಎಷ್ಟು ಸಾಗಿಸಬಹುದು ಎಂಬುದನ್ನು ಅಳೆಯುತ್ತದೆ, ನಿಮಗೆ ಬೇಕಾದದ್ದು ಭಾರವಿದ್ದಾಗ ಎಷ್ಟು ತಡವಾಗುತ್ತದೆ ಎಂಬ ಅಳತೆ. ಒಂದು ಕಂಪ್ಯೂಟರಿನಿಂದ ಮೊದಲು ನಿಮ್ಮದೇ ರೂಟರಿಗೆ, ಇನ್ನೊಂದು ಕಿಟಕಿಯಲ್ಲಿ ಹೊರಗಿನ ಯಾವುದಾದರೂ ಸ್ಥಿರ ವಿಳಾಸಕ್ಕೆ ನಿರಂತರವಾಗಿ ಪಿಂಗ್ ಹಚ್ಚಿಡಿ. ಮತ್ತೊಂದು ಕಂಪ್ಯೂಟರಿನಿಂದ ದೊಡ್ಡ ಫೈಲೊಂದನ್ನು ಕ್ಲೌಡಿಗೆ ಏರಿಸಿ. ರೂಟರಿನ ಪಿಂಗ್ 1–2 ಮಿಲಿಸೆಕೆಂಡಿನಲ್ಲೇ ಇದ್ದು ಹೊರಗಿನದು ನೂರಾರು ಮಿಲಿಸೆಕೆಂಡಿಗೆ ಏರಿದರೆ ಕಚೇರಿಯ ಒಳಗಿನ ನೆಟ್‌ವರ್ಕಿಗೆ ಇದರಲ್ಲಿ ಪಾತ್ರವಿಲ್ಲ, ಸಾಲು ಕಟ್ಟುತ್ತಿರುವುದು ಹೊರಬಾಗಿಲಿನಲ್ಲಿ.

ಇದಕ್ಕೆ ಪರಿಹಾರಗಳು ಹಲವಿವೆ, ಎಲ್ಲಕ್ಕಿಂತ ಸುಲಭವಾದದ್ದು ಬ್ಯಾಕಪ್ಪನ್ನು ರಾತ್ರಿಗೆ ಸರಿಸುವುದು ಅಥವಾ ಅದರ ಅಪ್‌ಲೋಡ್ ವೇಗಕ್ಕೆ ಮಿತಿ ಹಾಕುವುದು. ಅದಕ್ಕೆ ಹಣ ಖರ್ಚಿಲ್ಲ, ಆದರೆ ನಾಳೆ ಇನ್ನಾರೋ ದೊಡ್ಡ ಫೈಲು ಕಳುಹಿಸಿದರೆ ತೊಂದರೆ ಮರುಕಳಿಸುತ್ತದೆ. ಶಾಶ್ವತ ವ್ಯವಸ್ಥೆಯೆಂದರೆ ರೂಟರಿನಲ್ಲಿ ಹೊರಹೋಗುವ ವೇಗವನ್ನು ನಿಜವಾಗಿ ಅಳೆದು ಸಿಕ್ಕ ವೇಗದ ಶೇಕಡ 90ರ ಹತ್ತಿರ ನಿಲ್ಲಿಸಿ, ಧ್ವನಿಗೆ ಆದ್ಯತೆ ಕೊಡುವುದು. ಸಾಮಾನ್ಯವಾಗಿ ಫೋನುಗಳು ಧ್ವನಿ ಪ್ಯಾಕೆಟ್ಟುಗಳಿಗೆ 46 ಎಂಬ ಡಿಎಸ್‌ಸಿಪಿ ಗುರುತು (ಆದ್ಯತೆ ಸೂಚಿಸುವ ಅಂಕಿ) ಹಾಕಿಯೇ ಕಳುಹಿಸುತ್ತವೆ, ರೂಟರ್ ಅದನ್ನು ಗೌರವಿಸುವಂತೆ ಮಾಡಬೇಕಷ್ಟೆ. ವೇಗವನ್ನು ತುಸು ತಗ್ಗಿಸುವುದು ವಿಚಿತ್ರವೆನಿಸಬಹುದು. ಆದರೆ ಹಾಗೆ ಮಾಡಿದಾಗ ಸಾಲು ಮೋಡೆಮ್‌ನ ಬಫರಿನಲ್ಲಿ ಕಟ್ಟುವ ಬದಲು ನಿಮ್ಮ ರೂಟರಿನೊಳಗೆ ಕಟ್ಟುತ್ತದೆ, ಅಲ್ಲಿ ಯಾರು ಮೊದಲು ಹೋಗಬೇಕು ಎಂಬುದು ನಿಮ್ಮ ಹಿಡಿತದಲ್ಲಿರುತ್ತದೆ. ಆದ್ಯತೆಯನ್ನು ಮಾತ್ರ ಹಾಕಿ ಮಿತಿ ಹಾಕದೆ ಬಿಟ್ಟು, ‘ಕ್ಯೂಒಎಸ್ (ಆದ್ಯತೆಯ ವ್ಯವಸ್ಥೆ) ಮಾಡಿದೆವು, ಉಪಯೋಗವಾಗಲಿಲ್ಲ’ ಎನ್ನುವ ಕಚೇರಿಗಳು ಬಹಳ. ಎಫ್‌ಕ್ಯೂ-ಕೋಡೆಲ್ ಎಂಬ ಸಾಲು ನಿರ್ವಹಣೆ ಇರುವ ರೂಟರಾದರೆ ಇನ್ನೂ ಒಳ್ಳೆಯದು, ಅದು ಹೆಚ್ಚು ಸೂಕ್ಷ್ಮ ಹೊಂದಾಣಿಕೆ ಕೇಳುವುದಿಲ್ಲ. ಇದರ ಅಪಾಯವನ್ನೂ ತಿಳಿದಿರಿ. ಮುಂದೆ ಪ್ಲಾನ್ ಬದಲಿಸಿದಾಗ ಈ ಮಿತಿಯನ್ನು ಬದಲಿಸಲು ಮರೆತರೆ ಹೆಚ್ಚಿನ ವೇಗಕ್ಕೆ ಹಣ ಕಟ್ಟಿಯೂ ಹಳೆಯ ವೇಗದಲ್ಲೇ ಇರುತ್ತೀರಿ. ಅಲ್ಲದೆ ಈ ಆದ್ಯತೆ ನಿಮ್ಮ ರೂಟರಿನವರೆಗೆ ಮಾತ್ರ, ಆಚೆಗಿನ ಸಾರ್ವಜನಿಕ ಇಂಟರ್ನೆಟ್ ಆ ಗುರುತನ್ನು ಸಾಮಾನ್ಯವಾಗಿ ಲೆಕ್ಕಿಸುವುದಿಲ್ಲ. ಇಷ್ಟಾಗಿಯೂ ಅಪ್‌ಲೋಡ್ ದಿನವಿಡೀ ತುಂಬಿರುತ್ತದೆ ಎಂದಾದರೆ ಆಗ ದೊಡ್ಡ ಪ್ಲಾನಿನ ಯೋಚನೆ ಮಾಡಿ, ಅದರಲ್ಲೂ ಡೌನ್‌ಲೋಡ್ ಅಂಕಿಗೆ ಮಾರುಹೋಗದೆ ಅಪ್‌ಲೋಡ್ ಎಷ್ಟೆಂದು ಕೇಳಿ.

ಫೋನುಗಳನ್ನು ಬೇರೆ ವಿಲ್ಯಾನ್‌ಗೆ (ಅದೇ ತಂತಿಗಳ ಮೇಲೆ ಬೇರ್ಪಡಿಸಿದ ಪ್ರತ್ಯೇಕ ಜಾಲಕ್ಕೆ) ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಯಾರಾದರೂ ಹೇಳಬಹುದು. ವಿಲ್ಯಾನ್ ಒಳ್ಳೆಯ ಅಭ್ಯಾಸ. ಫೋನುಗಳನ್ನು ಕಂಪ್ಯೂಟರುಗಳಿಂದ ಬೇರ್ಪಡಿಸುತ್ತದೆ, ಭದ್ರತೆಗೂ ನಿರ್ವಹಣೆಗೂ ಅನುಕೂಲ. ಆದರೆ ಅದು ತಂತಿಯ ವೇಗವನ್ನು ಹೆಚ್ಚಿಸುವುದಿಲ್ಲ, 100ರ ಕೊಂಡಿ 100 ಆಗಿಯೇ ಉಳಿಯುತ್ತದೆ. ತಪ್ಪಾಗಿ ಹಾಕಿದರೆ ಕಂಪ್ಯೂಟರಿಗೆ ಫೋನಿನ ಜಾಲದ ವಿಳಾಸ ಸಿಕ್ಕಿ ಸರ್ವರೇ ಕಾಣದಂತಾಗಬಹುದು. ಕೇಬಲ್ಲಿನಲ್ಲಿ ವಿದ್ಯುತ್ ಹರಿಯುವುದರಿಂದ ಮಾಹಿತಿ ನಿಧಾನವಾಗುತ್ತದೆ ಎಂಬುದಂತೂ ಬರೀ ತಪ್ಪು ಕಲ್ಪನೆ.

ಮೇಜಿನ ವೇಗಕ್ಕೆ ಮೂರು ದಾರಿಗಳಿವೆ. ಇಮೇಲ್, ಬ್ರೌಸರ್ ಮತ್ತು ಸಣ್ಣ ಕಡತಗಳಲ್ಲಿ ಕೆಲಸ ಮಾಡುವವರನ್ನು ಈಗಿರುವಂತೆಯೇ ಬಿಡಿ, 100 ಎಂಬಿಪಿಎಸ್ ಅವರಿಗೆ ಸಾಕಾಗುತ್ತದೆ, ಹೆಚ್ಚಿಸಿದರೂ ವ್ಯತ್ಯಾಸ ಅವರ ಗಮನಕ್ಕೆ ಬಾರದು. ದೊಡ್ಡ ನಕ್ಷೆ, ಚಿತ್ರ, ವಿಡಿಯೊಗಳನ್ನು ಸರ್ವರಿನಿಂದ ತೆರೆಯುವವರಿಗೆ ಕಂಪ್ಯೂಟರಿಗೇ ಪ್ರತ್ಯೇಕ ಕೇಬಲ್ ಎಳೆಸುವುದು ನನ್ನ ಮೊದಲ ಆಯ್ಕೆ. ಫೋನ್ ಮರುಚಾಲನೆಗೊಂಡರೂ ಕಂಪ್ಯೂಟರಿನ ಸಂಪರ್ಕ ಕಡಿಯುವುದಿಲ್ಲ ಎಂಬುದು ಇದರ ಹೆಚ್ಚುವರಿ ಲಾಭ. ಸ್ವಿಚ್ಚಿನಲ್ಲಿ ಖಾಲಿ ಪೋರ್ಟುಗಳು ಬೇಕು, ಗೋಡೆಯ ಕೆಲಸವೂ ಇರುತ್ತದೆ ಎಂಬುದು ಇದರ ಕಷ್ಟ. ಕೇಬಲ್ ಎಳೆಯಲಾಗದ ಕಡೆ ಆ ಕೆಲವರ ಫೋನನ್ನು ಗಿಗಾಬಿಟ್ ಪೋರ್ಟಿರುವ ಮಾದರಿಗೆ ಬದಲಿಸಿ. ಅಂಥ ಫೋನುಗಳು ಹೆಚ್ಚು ವಿದ್ಯುತ್ ಕೇಳಬಹುದಾದ್ದರಿಂದ ಸ್ವಿಚ್ಚಿನ ಒಟ್ಟು ವಿದ್ಯುತ್ ಸಾಮರ್ಥ್ಯ ನೋಡಿಯೇ ಕೊಳ್ಳಿ. 24 ಪೋರ್ಟಿಗೂ ತಲಾ 15.4 ವ್ಯಾಟ್ ಕೊಡಲು ಸುಮಾರು 370 ವ್ಯಾಟ್ ಬೇಕು, ಅಷ್ಟು ಕೊಡಲಾರದ ಸ್ವಿಚ್ಚುಗಳೂ ಮಾರುಕಟ್ಟೆಯಲ್ಲಿವೆ. ಮೇಜಿನ ಕೆಳಗೊಂದು ಅಗ್ಗದ ಪುಟ್ಟ ಸ್ವಿಚ್ ಇಡುವ ಉಪಾಯವನ್ನು ಮಾತ್ರ ನಾನು ಒಪ್ಪುವುದಿಲ್ಲ. ಅದು ಫೋನಿಗೆ ವಿದ್ಯುತ್ ದಾಟಿಸುವುದಿಲ್ಲ, ಲೂಪ್ ಆಗಲು ಇನ್ನಷ್ಟು ಬಾಯಿಗಳನ್ನು ತೆರೆದಿಡುತ್ತದೆ, ದೋಷ ಬಂದಾಗ ಹುಡುಕಲು ಇನ್ನೊಂದು ಕತ್ತಲ ಮೂಲೆಯಾಗುತ್ತದೆ.

ಸ್ವಿಚ್ ಮತ್ತು ರೂಟರಿನ ಬದಲಾವಣೆಗಳನ್ನು ಕಚೇರಿ ಮುಗಿದ ಮೇಲೆ, ಒಂದು ಸಲಕ್ಕೆ ಒಂದರಂತೆ ಮಾಡಿ, ಮೊದಲಿದ್ದ ಸೆಟ್ಟಿಂಗುಗಳ ಪ್ರತಿ ಉಳಿಸಿಕೊಳ್ಳಿ. ಆ ಹೊತ್ತಿನಲ್ಲಿ ಫೋನುಗಳು ಸತ್ತಿರುತ್ತವಾದ್ದರಿಂದ ತುರ್ತಿಗೆ ಒಂದು ಮೊಬೈಲ್ ಕೈಯಲ್ಲಿರಲಿ. ಅಪ್‌ಲೋಡ್ ಮಿತಿ ಹಾಕಿದ ಮೇಲೂ ಮಾತು ತುಂಡಾಗುತ್ತಿದ್ದರೆ, ಅಂಥ ಕರೆಗಳ ದಿನಾಂಕ, ಸಮಯ, ಯಾವ ಮೇಜಿನಿಂದ, ಯಾರಿಗೆ ಕೇಳಿಸಲಿಲ್ಲ ಎಂಬುದನ್ನು ಬರೆದಿಡಿ. ಹಲವು ಫೋನುಗಳು ಕರೆಯ ಸಮಯದಲ್ಲೇ ಕಳೆದ ಪ್ಯಾಕೆಟ್ಟುಗಳ ಪ್ರಮಾಣವನ್ನೂ ಜಿಟ್ಟರನ್ನೂ (ಪ್ಯಾಕೆಟ್ಟುಗಳು ತಲುಪುವ ಅಂತರದ ಏರುಪೇರನ್ನು) ತೋರಿಸುತ್ತವೆ, ಅವನ್ನೂ ಜೊತೆಗೆ ಗುರುತಿಸಿಕೊಳ್ಳಿ. ನಷ್ಟ ಶೇಕಡ 1, ಜಿಟ್ಟರ್ 30 ಮಿಲಿಸೆಕೆಂಡ್ ಮೀರುತ್ತಿರುವುದು ಆ ಟಿಪ್ಪಣಿಯಲ್ಲಿದ್ದು, ಅದೇ ಹೊತ್ತಿನ ರೂಟರಿನ ಪಿಂಗ್ ಸರಿಯಿದ್ದರೆ, ಅದನ್ನು ಮುಂದಿಟ್ಟು ಫೋನ್ ಸೇವೆಯವರನ್ನೂ ಇಂಟರ್ನೆಟ್ ಕಂಪನಿಯವರನ್ನೂ ಒಟ್ಟಿಗೆ ಕೇಳಿ.